ಕಂಬದಿಂದ ಹೇಳಿಕೆ

ನಮ್ಮ ಕಂಪೆನಿಗೆ ಈಚೆಗೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಚಹಾ ಕುಡಿದು, ಹಲಸಿನ ಹಪ್ಪಳ ಮುರಿಯುತ್ತ, "ಅಕ್ಕಾ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಎಂತ?" ಎಂದು ಕೇಳಿದಳು. ಕಂಬ ಹತ್ತುವುದು, ಸಿಡಿಲಿಗೆ ಸುಟ್ಟ ಬೋರ್ಡು ಬಿಚ್ಚುವುದು, ಅಂಥದ್ದೇನಾದರೂ ಹೇಳುತ್ತೇನೆಂದು ಕಾದಿದ್ದಳೋ ಏನೋ. "ಯಂತ್ರ ಬೊಬ್ಬೆ ಹಾಕ್ತದೆ ಮಾರಾಯ್ತಿ, ಅದರಲ್ಲಿ ಎಂತ ಕಷ್ಟ ಇಲ್ಲ. ಅದನ್ನು ಕೇಳಿ ಜನ ಕೂತಲ್ಲಿಂದ ಏಳ್ಬೇಕಲ್ಲ, ಕಷ್ಟ ಅದು" ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅಂಥವರಿಗಾಗಿಯೇ ಇಷ್ಟನ್ನು ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನ, ನಿವೃತ್ತಿಯ ದಿನ ಹೊದೆಸಿದ ಶಾಲು, ಇವೆಲ್ಲ ಎಲ್ಲರಿಗೂ ಇದ್ದದ್ದೇ. ಅವನ್ನು ಬಿಟ್ಟಿದ್ದೇನೆ.

ಕೇರಳಕ್ಕೆ ಸೇರಿದ ನಮ್ಮ ಕನ್ನಡ ಸೀಮೆ, ಇಲ್ಲಿನ ಅನಂತಪುರದ ಕೈಗಾರಿಕಾ ಪ್ರದೇಶದಲ್ಲಿ ತಗಡಿನ ಮಾಡಿನ ಒಂದು ಶೆಡ್ಡು. ಅದೇ ನಮ್ಮ ಕಂಪೆನಿ. ಮಳೆ ಅಳೆಯುವ ಯಂತ್ರ, ಗಾಳಿಯ ವೇಗ ಹೇಳುವ ತಿರುಗು ಬಟ್ಟಲು, ಫೋನು ಸತ್ತರೂ ಮಾತಾಡುವ ವಯರ್‌ಲೆಸ್ ಸೆಟ್ಟು, ಅಪಾಯ ಬಂದಾಗ ಊರಿಗೆ ಊರೇ ಕೇಳುವಂತೆ ಕೂಗುವ ಹಾರ್ನ್ ಕಂಬ. ಇವನ್ನು ಜೋಡಿಸಿ ಪಂಚಾಯತುಗಳಿಗೆ ಕೊಡುವುದು, ನೆಟ್ಟು ಬರುವುದು, ಕೆಟ್ಟರೆ ಓಡುವುದು ನಮ್ಮ ಕೆಲಸ. ಪಾಲಿಟೆಕ್ನಿಕ್ ಮುಗಿಸಿದ ನಾನು ಮೊದಲು ಬೆಸುಗೆ ಹಾಕುವ ಮೇಜಿಗೆ ಸೇರಿದೆ. ಮೇಜು ಬೇಸರ ಬಂದು ಜೀಪು ಹತ್ತಿದೆ. ಕೈಯಲ್ಲಿ ಫೈಲು ಹಿಡಿದು ಬರುವ ಹೆಂಗಸು ಕೇರಳದಲ್ಲಿ ಟೀಚರೇ. ಹಾಗಾಗಿ ಒಂದು ದಿನವೂ ಪಾಠ ಮಾಡದ ನಾನು ನಮ್ಮ ತಾಲೂಕಿಡೀ 'ಸೈರನ್ ಟೀಚರ್' ಆದೆ. ಮದುವೆಮನೆಗೆ ಹೋದರೆ ಪಾಯಸ ಬಡಿಸುವವನೂ ಸೌಟು ಎತ್ತಿ ಹಿಡಿದು ನಿಂತು, "ಟೀಚರ್, ನಾಡಿದ್ದು ಮಳೆ ಉಂಟಾ? ಅಡಿಕೆ ಒಣಗ್ಲಿಕ್ಕೆ ಹಾಕಿದ್ದೇನೆ" ಎಂದು ಕೇಳುತ್ತಿದ್ದ. ಉಂಟೆಂದು ಹೇಳಿ ಮಳೆ ಬಾರದಿದ್ದರೆ ನನ್ನ ತಪ್ಪು. ಇಲ್ಲವೆಂದು ಹೇಳಿ ಬಂದರಂತೂ ಮತ್ತೆ ಆ ದಾರಿಯಲ್ಲಿ ಹೋಗುವಂತಿಲ್ಲ.

ನನ್ನ ಮೇಲಿನವರು ವರ್ಗೀಸ್ ಸಾರ್, ಕೋಟ್ಟಯಂ ಕಡೆಯವರು. ಇಲ್ಲಿಗೆ ಬಂದು ಅರ್ಧ ಕನ್ನಡ ಕಲಿತಿದ್ದರು. ಉಳಿದರ್ಧವನ್ನು ಕೈಸನ್ನೆಯಲ್ಲಿ ಮುಗಿಸುತ್ತಿದ್ದರು. ತುಂಬ ಒಳ್ಳೆಯವರು, ಆದರೆ ಯಂತ್ರ ಎಂದೂ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯವರು. ಜೀಪು ಓಡಿಸುವುದು ಐತಪ್ಪಣ್ಣ, ಕಂಬ ಹತ್ತುವುದೂ ಅವರೇ. ಅವರು ಯಂತ್ರವನ್ನೂ ನಂಬುತ್ತಿರಲಿಲ್ಲ, ವರ್ಗೀಸ್ ಸಾರನ್ನೂ ನಂಬುತ್ತಿರಲಿಲ್ಲ. ಇವರಿಬ್ಬರ ನಡುವೆ ನನ್ನ ಸರ್ವೀಸು ಕಳೆಯಿತು.

ಒಂದು ಎಪ್ರಿಲಿನ ಉರಿಬಿಸಿಲು. ವರ್ಗೀಸ್ ಸಾರ್ ಓಡಿಕೊಂಡೇ ಬಂದರು. "ಟೀಚರೇ, ವರ್ಕಾಡಿಯಲ್ಲಿ ಪ್ರಳಯ! ಯಂತ್ರ ನೋಡಿ, ಮಳೆ ನಿಲ್ಲುದೇ ಇಲ್ಲ!" ಆಗಲೇ ತಿರುವನಂತಪುರದಿಂದ ಫೋನ್ ಬಂದಿತ್ತಂತೆ, ನಿಮ್ಮಲ್ಲಿ ಮೋಡವೇ ಒಡೆದಿದೆಯೇ ಎಂದು. ಜೀಪು ಹತ್ತಿ ಹೋದೆವು. ದಾರಿಯಿಡೀ ಕೆಂಪು ಧೂಳು, ಮೇಲೆ ತೊಳೆದಿಟ್ಟಂಥ ಆಕಾಶ. ನಮ್ಮ ಯಂತ್ರವಿದ್ದದ್ದು ಅಲ್ಲಿನ ಶೆಟ್ಟರೊಬ್ಬರ ತೋಟದ ಬದಿಯಲ್ಲಿ. ಹೋಗಿ ನೋಡಿದರೆ ತೋಟಕ್ಕೆ ನೀರು ಹಾರಿಸುವ ಜೆಟ್ಟು ತಿರುಗಿ ತಿರುಗಿ ಯಂತ್ರದ ತಲೆಯ ಮೇಲೇ ಹೊಯ್ಯುತ್ತಿದೆ. ಶೆಟ್ಟರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದಾರೆ.

"ಪಾಪ ಟೀಚರ್, ಮಳೆಗಾಲದಲ್ಲಿ ಎಷ್ಟು ಚಂದ ಟಿಕ್ ಟಿಕ್ ಅಂತ ಇತ್ತು ಅದು. ಈಗ ತಿಂಗಳುಗಟ್ಟಲೆ ಬಾಯಿ ಮುಚ್ಚಿ ಕೂತಿದೆ. ಒಣಗಿ ಹಾಳಾದ್ರೆ ಕಷ್ಟ ಅಂತ ನಾನೇ ಜೆಟ್ ಈ ಕಡೆ ತಿರುಗಿಸಿದೆ. ಕೇಳಿ, ಮಾತಾಡ್ತದೆ!"

ಬೈಯಲು ಬಾಯಿ ತೆರೆದವಳು ನಕ್ಕು ಕೆಮ್ಮಿದೆ. ಶೆಟ್ಟರು ಸೀಯಾಳ ಕೆತ್ತಿಸಿ ಕೊಟ್ಟರು. ಮರಳಿ ಬರುವಾಗ ಐತಪ್ಪಣ್ಣ, "ಯಂತ್ರ ಸುಳ್ಳು ಹೇಳುದಿಲ್ಲ ಟೀಚರ್, ಶೆಟ್ಟರು ಹೇಳಿಸಿದ್ದು" ಎಂದರು. ಯಂತ್ರ ನೆಟ್ಟು ಬಂದರೆ ಸಾಲದು, ಅದರ ಅಕ್ಕಪಕ್ಕದವರಿಗೂ ಅದನ್ನು ಪರಿಚಯ ಮಾಡಿಸಿ ಬರಬೇಕೆಂದು ನಾನು ಕಲಿತದ್ದು ಆ ಸೀಯಾಳ ಕುಡಿಯುತ್ತ.

ಇನ್ನು ಬಾಯಾರಿನ ಕಂಬದ ಕತೆ. ನನ್ನನ್ನು ಬಹಳ ಕುಣಿಸಿದ ಕಂಬ ಅದು.

ಅಲ್ಲೊಂದು ಗುಡ್ಡ. ಗುಡ್ಡದ ನೆತ್ತಿ ಸಮತಟ್ಟು, ಅಲ್ಲಿ ಶಾಲೆ. ಒಂದು ಮಗ್ಗುಲಲ್ಲಿ ಗೋಡೆಯಂತೆ ನೆಟ್ಟಗೆ ನಿಂತ ಮಣ್ಣಿನ ಬರೆ. ಬರೆಯ ಬುಡದಲ್ಲಿ ಕೆಲವು ಮನೆಗಳು. ಮಳೆ ಹೆಚ್ಚಾದರೆ ಬರೆ ಜರಿಯಬಹುದೆಂದು ಪಂಚಾಯತಿಗೆ ಹೆದರಿಕೆ ಇತ್ತು. ಹಾಗಾಗಿ ಶಾಲೆಯ ಅಂಗಳದಲ್ಲಿ ನಮ್ಮ ಹಾರ್ನ್ ಕಂಬ, ಪಕ್ಕದಲ್ಲಿ ಮಳೆಯ ಯಂತ್ರ. ಮಳೆ ಒಂದು ಗುರುತು ದಾಟಿದರೆ ಹಾರ್ನ್ ತಾನಾಗಿ ಕೂಗಬೇಕು. ಬುಡದವರು ಮೇಲೆ ಶಾಲೆಗೆ ಬಂದು ಕೂರಬೇಕು. ಕಾಗದದ ಮೇಲೆ ಇಷ್ಟು ಸುಲಭ.

ಬರೆಗೆ ಎಲ್ಲಕ್ಕಿಂತ ಹತ್ತಿರದ ಮನೆ ಲೀಲಕ್ಕನದು. ಗಂಡ ದುಬಾಯಿಯ ಹೋಟೆಲೊಂದರಲ್ಲಿ ಅಡುಗೆಯವರು. ಇಲ್ಲಿ ಲೀಲಕ್ಕ, ಒಂದು ದನ, ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ. ನಾವು ಕಂಬ ನೆಡುವ ದಿನ ಅವರು ತಡ್ಪೆ ಸೊಂಟಕ್ಕೆ ಒತ್ತಿಕೊಂಡೇ ಮೇಲೆ ಹತ್ತಿ ಬಂದು ನೋಡಿದರು.

"ಎಂತ ಬೇಕಾದ್ರೂ ನೆಡಿ ಟೀಚರ್, ನಿಮ್ಮ ಇಷ್ಟ. ನಾನು ಮಾತ್ರ ಮನೆ ಬಿಟ್ಟು ಏಳುದಿಲ್ಲ."

ಆ ಮಾತು ನನ್ನ ಮಂಡೆಯಲ್ಲಿ ಕೂತುಬಿಟ್ಟಿತು. ಉಳಿದ ಊರೆಲ್ಲ ಬಂದು, ಬರೆ ಜರಿಯುವ ಹೊತ್ತಿಗೆ ಲೀಲಕ್ಕ ಒಳಗೆ ಬೀಡಿ ಕಟ್ಟುತ್ತ ಕೂತರೆ ನನ್ನ ಕೆಲಸವೆಲ್ಲ ನೀರಲ್ಲಿ ಮಾಡಿದ ಹೋಮ. ಅಂದಿನಿಂದ ಆ ಕಂಬದ ಮುಂದೆ ನಿಂತಾಗಲೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಲೀಲಕ್ಕ ಎದ್ದು ಬರುತ್ತಾರೋ ಇಲ್ಲವೋ.

ಮೊದಲು ಹಾರ್ನಿನಲ್ಲಿ ತುಂಬಿಸಿದ್ದ ಮಾತು ಮಲಯಾಳದ್ದು, ಮೇಲಿನಿಂದ ಹಾಗೆಯೇ ಬಂದದ್ದು. ಮಳೆಯದಲ್ಲದೆ ಗಾಳಿಯ ಎಚ್ಚರಿಕೆಯೂ ಅದರಲ್ಲಿತ್ತು: ಜೋರು ಗಾಳಿ ಬೀಸುವ ಸಂಭವ ಉಂಟು, ಒಳಗೇ ಇರಿ ಎಂದು ಅದರ ಅರ್ಥ. ಗಾಳಿಗೆ ಮಲಯಾಳದಲ್ಲಿ 'ಕಾಟ್ಟ್' ಎನ್ನುತ್ತಾರೆ. ಬಾಯಾರಿನವರಿಗೆ ಅಷ್ಟು ಮಲಯಾಳ ಬಾರದೆಂದಲ್ಲ. ಆದರೆ ಅದೇ ವಾರ ಕಾಡಿನಿಂದ ಒಂದು ಕಾಟಿ, ಅಂದರೆ ಕಾಡುಕೋಣ, ಇಳಿದು ಬಾಳೆಯನ್ನೆಲ್ಲ ಮುರಿದು ಹಾಕಿತ್ತು. ಊರಿಡೀ ಅದೇ ಮಾತು. ಹಾರ್ನಿನ ಗರಗರದಲ್ಲಿ "ಶಕ್ತಮಾಯ ಕಾಟ್ಟ್" ಎಂದು ಕೇಳಿದ್ದೇ ತಡ, ಶಕ್ತಿವಂತ ಕಾಟಿಯೊಂದು ಬರುತ್ತಿದೆ ಎಂದು ಎಲ್ಲರೂ ತಿಳಿದರು. ಒಳಗೇ ಇರಬೇಕಾದ ಜನ ದೊಣ್ಣೆ, ಡಬ್ಬ, ಗರ್ನಾಲು ಪಟಾಕಿ ಹಿಡಿದು ಹೊರಗೆ ಬಂದು ಗಾಳಿಗೆ ತೂಗುವ ತೆಂಗಿನ ಮರಗಳ ಕೆಳಗೇ ಸಾಲಾಗಿ ನಿಂತರು. ದೇವರ ದಯೆ, ಒಂದು ಮಡಲೂ ಯಾರ ತಲೆಗೂ ಬೀಳಲಿಲ್ಲ. ಮರುದಿನ ನಾವು ಹೋದಾಗ ಒಬ್ಬರು ಕೇಳಿದರು, "ಎಲ್ಲಿ ಟೀಚರ್ ನಿಮ್ಮ ಕಾಟಿ? ಎರಡು ಗರ್ನಾಲು ದಂಡ ಆಯ್ತು!"

ವರ್ಗೀಸ್ ಸಾರಿಗೆ ವಿವರಿಸಿದೆ. "ಕಾಟ್ಟಿಗೆ ಕಾಟಿಯಾ?" ಎಂದು ಅವರು ನಗುತ್ತ ನಗುತ್ತ ಮೇಜಿಗೆ ತಲೆ ಇಟ್ಟುಬಿಟ್ಟರು. ಆಮೇಲೆ ಕನ್ನಡದಲ್ಲೇ ತುಂಬಿಸಲು ಒಪ್ಪಿದರು. ಅನುವಾದ ಯಾರೋ ಮಾಡಿ ಕಳಿಸಿದ್ದು ಬಂತು. ಬರೆ ಕುಸಿಯುವುದಕ್ಕೆ ಮಲಯಾಳದಲ್ಲಿ 'ಉರುಳ್ ಪೊಟ್ಟಲ್' ಎನ್ನುತ್ತಾರೆ, ಪೊಟ್ಟಲ್ ಅಂದರೆ ಒಡೆಯುವುದು. ಅನುವಾದದ ಪುಣ್ಯಾತ್ಮ ಅದನ್ನು ಕನ್ನಡಕ್ಕೆ ಇಳಿಸಿದ್ದು ಹೀಗೆ: "ಉರುಳು ಸ್ಫೋಟದ ಸಾಧ್ಯತೆ ಇರುವುದರಿಂದ ಸಾರ್ವಜನಿಕರು ಜಾಗ್ರತೆ ಪಾಲಿಸತಕ್ಕದ್ದು." ನಾನು ರಜೆಯಲ್ಲಿದ್ದಾಗ ಅದೇ ಹಾರ್ನಿಗೆ ಹೋಯಿತು, ಪರೀಕ್ಷೆಗೆಂದು ಒಮ್ಮೆ ಕೂಗಿಯೂ ಆಯಿತು. ರಜೆ ಮುಗಿಸಿ ಬಂದವಳಿಗೆ ದಾರಿಯಲ್ಲಿ ಕಮಲಕ್ಕ ಸಿಕ್ಕಿದರು. ಲೀಲಕ್ಕನ ಬೇಲಿಯಾಚೆಯ ಮನೆ ಅವರದು. ಭಕ್ತಿಯಿಂದಲೇ ಕೇಳಿದರು, "ಟೀಚರ್, ಉರುಳು ಸೇವೆ ಯಾವ ದೇವಸ್ಥಾನದಲ್ಲಿ? ಹೆಂಗಸರಿಗೂ ಉಂಟಾ?"

ಅಂತೂ ಆ ಮಾತನ್ನು ಅಳಿಸಿ, ಸಾರ್ವಜನಿಕರೇ, ಬರೆ ಜರಿಯುತ್ತದೆ, ಶಾಲೆಗೆ ಬನ್ನಿ ಎಂದು ನೇರ ಮಾತಿನಲ್ಲಿ ತುಂಬಿಸಿ, ಒಂದು ಆದಿತ್ಯವಾರ ಅಭ್ಯಾಸಕ್ಕೆಂದು ಹಾರ್ನ್ ಕೂಗಿಸಿದೆ. ಈ ಸಲ ಎಲ್ಲರಿಗೂ ಅರ್ಥವಾಯಿತು. ಆದರೂ ನರಪಿಳ್ಳೆ ಬರಲಿಲ್ಲ. ಶಾಲೆಯ ಜಗಲಿಯಲ್ಲಿ ನಾನು, ಐತಪ್ಪಣ್ಣ, ಒಂದು ನಾಯಿ. ಸಿಟ್ಟು ನೆತ್ತಿಗೇರಿ ಬುಡಕ್ಕೆ ಇಳಿದು ಹೋದೆ. ಲೀಲಕ್ಕ ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದರು.

"ಕೇಳಿಸ್ಲಿಲ್ವಾ ಲೀಲಕ್ಕ?"

"ಕೇಳಿತು. ಒಳ್ಳೆ ಕೇಳ್ತದೆ."

"ಮತ್ತೆ ಯಾಕೆ ಬರ್ಲಿಲ್ಲ?"

"ಹಾಗೆ ಹೇಗೆ ಬರುದು ಟೀಚರ್? ನಮಗೆ ಹೇಳಿಕೆ ಇಲ್ಲ."

ನನಗೆ ಕೆನ್ನೆಗೆ ಹೊಡೆದಂತಾಯಿತು. ನಾನೂ ಇದೇ ಮಣ್ಣಿನವಳಲ್ಲವೇ? ನಮ್ಮಲ್ಲಿ ಮದುವೆಯಾಗಲಿ ಸತ್ತವರ ಬೊಜ್ಜವಾಗಲಿ ಕಾಗದ ಕೊಟ್ಟರೆ ಸಾಲದು. ಮನೆಯ ಹೆಸರು ಹಿಡಿದು, ಎದುರು ನಿಂತು, 'ಎಲ್ಲರೂ ಬರಬೇಕು' ಎಂದು ಬಾಯಲ್ಲಿ ಹೇಳಬೇಕು. ಅದಕ್ಕೆ ಹೇಳಿಕೆ ಎಂದು ಹೆಸರು. ಹೇಳಿಕೆ ಇಲ್ಲದಲ್ಲಿಗೆ ಹೋಗುವವರಿಗೆ ಮರ್ಯಾದೆ ಇಲ್ಲ. 'ಸಾರ್ವಜನಿಕರೇ' ಎಂದು ಕಂಬ ಕೂಗಿದರೆ ಯಾರು ಬಂದಾರು? ಬಾಯಾರಿನಲ್ಲಿ ಸಾರ್ವಜನಿಕರು ಎಂಬ ಹೆಸರಿನ ಮನೆಯೇ ಇಲ್ಲ.

"ಸಾರ್, ಮನೆ ಮನೆ ಹೆಸರು ಹೇಳಿ ಕರೆಯಬೇಕು. ಊಟ ಉಂಟೂಂತ ಕೂಡ ಹೇಳಬೇಕು" ಎಂದೆ ವರ್ಗೀಸ್ ಸಾರಿಗೆ.

"ಎಂತ ಟೀಚರೇ! ಇದು ಸೈರನ್ನಾ, ಕಲ್ಯಾಣದ ಕಾಗದವಾ?"

"ಬರ್ಬೇಕಾದ್ರೆ ಕಲ್ಯಾಣದ ಹಾಗೇ ಕರೀಬೇಕು ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. "ಒಂದು ಮಳೆಗಾಲ ನೋಡುವ. ಆಗದಿದ್ದರೆ ಕಂಬ ಕಿತ್ತು ಬೇರೆ ಊರಿಗೆ." ಗಂಜಿ ಊಟಕ್ಕೆ ಪಂಚಾಯತಿನವರನ್ನು ಒಪ್ಪಿಸಿದ್ದು ಸಾರೇ. ಮಲಯಾಳದಲ್ಲಿ ಅವರು ಏನು ಹೇಳಿದರೋ, ಬರುವಾಗ ಉಪ್ಪಿನಕಾಯಿಯನ್ನೂ ಮಂಜೂರು ಮಾಡಿಸಿಕೊಂಡು ಬಂದಿದ್ದರು.

ಯಾವ ಮನೆಯ ಹೆಸರು ಮೊದಲು ಎಂಬಲ್ಲಿ ಮತ್ತೆ ತಕರಾರು. ನಮ್ಮದು ಹಳೆಯ ಮನೆ, ನಮ್ಮದು ಮೊದಲು ಎಂದು ಇವರು. ಗುತ್ತಿನ ಯಜಮಾನಿಕೆಯ ಕಾಲದಿಂದಲೂ ನಮಗೇ ಮೊದಲ ವೀಳ್ಯ ಎಂದು ಅವರು. ಕೊನೆಗೆ ನಾನು, "ಬರೆ ಜರಿದ್ರೆ ಯಾರ ಮನೆಗೆ ಮೊದಲು ಬೀಳ್ತದೋ ಅವರ ಹೆಸರು ಮೊದಲು" ಎಂದೆ. ಎಲ್ಲರೂ ಒಮ್ಮೆ ಬರೆಯ ಕಡೆ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ, "ಪರವಾಗಿಲ್ಲ ಟೀಚರ್, ನಮ್ಮದು ಕೊನೆಗೇ ಇರ್ಲಿ!" ಎಂದು ಬಿಟ್ಟುಕೊಟ್ಟರು.

ನಮ್ಮ ಶೆಡ್ಡಿನಲ್ಲಿ ಮಳೆಯ ಸದ್ದಿಗೆ ಏನನ್ನೂ ರೆಕಾರ್ಡು ಮಾಡುವಂತಿರಲಿಲ್ಲ. ಜೀಪಿನ ಗಾಜು ಏರಿಸಿ ಒಳಗೆ ಕೂತು ನನ್ನದೇ ದನಿಯಲ್ಲಿ ಹೇಳಿದೆ: "ಬರೆಬುಡದ ಮನೆಯವರೇ, ಹಲಸಿನಡಿಯವರೇ," ಹೀಗೆ ಸಾಲಾಗಿ, "ಮಳೆ ಜೋರುಂಟು, ಬರೆ ಜರಿದೀತು. ಮಕ್ಕಳುಮರಿ ಸಹಿತ ಎಲ್ಲರೂ ಶಾಲೆಗೆ ಬರಬೇಕು. ಊಟ ಅಲ್ಲಿಯೇ ಉಂಟು. ಹೊರಡಿ." ಪರೀಕ್ಷೆಗೆ ಕೂಗಿಸಿದರೆ ಜನ ಬಾಗಿಲವರೆಗೆ ಬಂದು ಮತ್ತೆ ಒಳಗೆ ಹೋಗಿ ಕೂತರು. ನನಗೆ ತಲೆಬುಡ ತಿಳಿಯಲಿಲ್ಲ. ಇನ್ನೊಮ್ಮೆ ಕಿವಿಗೊಟ್ಟು ಕೇಳಿದೆ. 'ಹೊರಡಿ' ಎಂದ ಮರುಕ್ಷಣ ಹಾರ್ನಿನಲ್ಲಿ ಒಂದು ದೊಡ್ಡ ಸೀನು! ಐತಪ್ಪಣ್ಣನದು, ನನ್ನ ಪಕ್ಕದ ಸೀಟಿನಲ್ಲಿ ಸೀನಿದ್ದು. ಹೊರಡುವ ಹೊತ್ತಿಗೆ ಒಂಟಿ ಸೀನು ಕೇಳಿ ಯಾರಾದರೂ ಹೊಸ್ತಿಲು ದಾಟುತ್ತಾರೆಯೇ? "ಇನ್ನೊಂದು ಸೀನಿದ್ರೆ ಸರಿ ಆಗ್ತಿತ್ತು" ಎಂದರು ಐತಪ್ಪಣ್ಣ, ತಾವೇನೋ ಉಪಕಾರ ಮಾಡುವವರ ಹಾಗೆ. ಅವರನ್ನು ಜೀಪಿನಿಂದ ಇಳಿಸಿ ಹೊಸದಾಗಿ ರೆಕಾರ್ಡು ಮಾಡಿದೆ.

ಮುಂದಿನ ಅಭ್ಯಾಸಕ್ಕೆ ಹೆಚ್ಚುಕಡಿಮೆ ಎಲ್ಲರೂ ಬಂದರು. ಮಕ್ಕಳು ಓಡಿ ಬಂದರು, ಮುದುಕರು ಊರುಗೋಲಿನೊಡನೆ ಬಂದರು, ಗಂಜಿ ಸಾಲದಾಯಿತು. ಕುಣಿಯುವಷ್ಟು ಖುಷಿ ನನಗೆ. ಲೀಲಕ್ಕ ಮಾತ್ರ ಇಲ್ಲ. ಇಳಿದು ಹೋಗಿ, "ಮೊದಲ ಹೆಸರೇ ನಿಮ್ಮದಲ್ವಾ, ಇನ್ನೆಂತ?" ಎಂದು ಕೇಳಿದೆ.

"ನೀವು ಕರ್ದದ್ದು ಸರಿ ಟೀಚರ್, ತಪ್ಪು ಹೇಳುದಿಲ್ಲ. ಆದ್ರೆ ಆ ಕಮಲ ಇರುವಲ್ಲಿಗೆ ನಾನು ಬರುದಿಲ್ಲ."

ಕತೆ ಆಮೇಲೆ ಐತಪ್ಪಣ್ಣನಿಂದ ಗೊತ್ತಾಯಿತು. ಒಂದೇ ಬೇಲಿಯ ಆಚೀಚೆ, ಅಕ್ಕತಂಗಿಯರಂತೆ ಇದ್ದವರು. ಕಮಲಕ್ಕನ ಮಗಳ ಮದುವೆ ಬಂತು. ಊರಿಡೀ ತಿರುಗಿ ಸುಸ್ತಾದ ಕಮಲಕ್ಕ, ಲೀಲ ಮನೆಯವಳೇ ತಾನೇ ಎಂದು, ಅವರಿಗೆ ಮಾತ್ರ ಫೋನಿನಲ್ಲಿ ಹೇಳಿದರು. ಊರಿಗೆಲ್ಲ ಮನೆಗೆ ಹೋಗಿ ಹೇಳಿಕೆ, ಬೇಲಿಯಾಚೆಯವಳಿಗೆ ಫೋನು! ಲೀಲಕ್ಕ ಮದುವೆಗೆ ಹೋಗಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನನ್ನ ಕಂಪೆನಿಯಲ್ಲಿ ಗಾಳಿಗೂ ಮಳೆಗೂ ಯಂತ್ರ ಇತ್ತು. ಇದಕ್ಕೆ ಎಲ್ಲಿಂದ ತರಲಿ?

ಆ ವರ್ಷದ ಜುಲೈಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬಾಯಾರಿನ ಕಂಬದ ಬ್ಯಾಟರಿ ನೋಡಲು ಹೋದ ನಾನು, ಐತಪ್ಪಣ್ಣ ಶಾಲೆಯಲ್ಲಿಯೇ ಇದ್ದೆವು. ಮಧ್ಯಾಹ್ನ ಕಳೆದು ಸ್ವಲ್ಪ ಹೊತ್ತಾಗಿತ್ತು. ತಲೆಯ ಮೇಲೇ ಹಾರ್ನ್ ಕೂಗಿತು. ಅಭ್ಯಾಸವಲ್ಲ, ಯಂತ್ರ ತಾನಾಗಿ ಕೂಗಿದ್ದು. ನನ್ನದೇ ದನಿ ನನ್ನನ್ನೇ ಹೆದರಿಸಿತು. ಹಲಸಿನಡಿಯವರು ಬಂದರು, ಉಳಿದವರೂ ಛತ್ರಿ, ಪ್ಲಾಸ್ಟಿಕ್ ಹೊದ್ದು, ಕೋಳಿಗಳನ್ನು ಕಂಕುಳಲ್ಲಿ ಒತ್ತಿಕೊಂಡು ಬಂದರು. ಲೀಲಕ್ಕ ಬರಲಿಲ್ಲ. ಬರೆಯ ಅಂಚಿಗೆ ಹೋಗಿ ನೋಡಿದ ಐತಪ್ಪಣ್ಣ ಓಡಿ ಬಂದರು. "ಟೀಚರ್, ತುದಿಯ ತೆಂಗಿನ ಮರ ವಾಲಿದೆ. ಬಿರುಕಿಗೆ ನನ್ನ ಕೈ ಹೋಗ್ತದೆ."

ಕಂಬದ ಬುಡದ ಪೆಟ್ಟಿಗೆ ತೆರೆದು ವಯರಿಲ್ಲದ ಮೈಕು ಹಿಡಿದೆ. "ಲೀಲಕ್ಕ, ಬನ್ನಿ, ನಿಮ್ಮ ದಮ್ಮಯ್ಯ" ಎಂದು ಕೂಗಿದೆ. ಕೆಳಗಿನಿಂದ, ಮಳೆಯ ಸದ್ದನ್ನೂ ಮೀರಿ ಉತ್ತರ ಬಂತು, "ಅವಳು ಹೋದ ಮೇಲೆ ಬರ್ತೇನೆ!" ನನಗೆ ಅಳು ಬಂತು. ಐತಪ್ಪಣ್ಣ ಇಳಿದು ಹೋಗಿ ಎತ್ತಿಕೊಂಡೇ ಬರುತ್ತೇನೆಂದು ಪಂಚೆ ಎತ್ತಿ ಕಟ್ಟಿದ್ದರು. ಅಷ್ಟರಲ್ಲಿ ಯಾರೋ ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಕಮಲಕ್ಕ.

"ಲೀಲಾ, ನಾನು ಕಮಲ." ಅಷ್ಟು ಹೇಳಿ ಒಮ್ಮೆ ಉಸಿರೆಳೆದುಕೊಂಡರು. ಆ ಉಸಿರೂ ಊರಿಗೆಲ್ಲ ಕೇಳಿಸಿತು. "ಅವತ್ತು ಫೋನಲ್ಲಿ ಹೇಳಿದ್ದು ನನ್ನದು ತಪ್ಪು. ಬೇಲಿ ದಾಟಿ ಬರ್ಬೇಕಿತ್ತು. ಇವತ್ತು ಇಡೀ ಬಾಯಾರು ಕೇಳುವ ಹಾಗೆ ಹೇಳ್ತಿದ್ದೇನೆ. ಬರೆಬುಡದ ಮನೆ ಲೀಲ ಬರ್ಬೇಕು. ನೀನು ಬಾರದೆ ನಾನು ಗಂಜಿ ಮುಟ್ಟುದಿಲ್ಲ. ಬಾರದಿದ್ರೆ ನಾನೇ ಇಳಿದು ಬರ್ತೇನೆ, ಆಮೇಲೆ ಆದದ್ದು ಆಗ್ಲಿ."

ಎಲ್ಲರ ಕಣ್ಣೂ ಮೆಟ್ಟಿಲ ದಾರಿಯ ಮೇಲೆ. ಯಾರೂ ಕಾಣಲಿಲ್ಲ. ಎಷ್ಟು ಹೊತ್ತು ಕಾದೆವೋ, ಕಮಲಕ್ಕ ಸೆರಗು ಬಿಗಿದು ಇಳಿಯಲು ಹೊರಟೇಬಿಟ್ಟಿದ್ದರು. ಆಗ ಕೆಳಗಿನ ತಿರುವಿನಲ್ಲಿ ಒಂದು ಛತ್ರಿ ಕಂಡಿತು. ಒಂದು ಕೈಯಲ್ಲಿ ದನದ ಹಗ್ಗ, ಇನ್ನೊಂದರಲ್ಲಿ ಛತ್ರಿ. ಹತ್ತಿರ ಬಂದಾಗ ನೋಡಿದರೆ ಲೀಲಕ್ಕ ಉಟ್ಟದ್ದು ಜರಿಯಂಚಿನ ರೇಷ್ಮೆ ಸೀರೆ. ತಡವಾದದ್ದು ಸೀರೆ ಉಡಲಿಕ್ಕೆ!

"ಬರೆ ಜರೀತಾ ಉಂಟು ಮಾರಾಯ್ತಿ, ಸೀರೆ ಬದಲಿಸುದಾ?" ಎಂದು ನಾನು ಕಿರುಚಿಯೇಬಿಟ್ಟೆ.

"ಹೇಳಿಕೆ ಬಂದ ಮೇಲೆ ಮನೆಯ ಸೀರೆಯಲ್ಲಿ ಬರ್ಲಿಕ್ಕಾಗ್ತದಾ ಟೀಚರ್?" ಎಂದರು ಲೀಲಕ್ಕ, ದನವನ್ನು ಜಗಲಿಯ ಕಂಬಕ್ಕೆ ಕಟ್ಟುತ್ತ. ಕಮಲಕ್ಕನ ಕಡೆ ನೋಡಲಿಲ್ಲ. ಕಮಲಕ್ಕ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತರು. ಲೀಲಕ್ಕ ಆ ಜಾಗದಲ್ಲಿ ಹೋಗಿ ಕೂತರು.

ಗಂಜಿಯ ಬಟ್ಟಲು ಕೈಗೆ ಬರುವಾಗ ಸದ್ದು ಕೇಳಿಸಿತು. ಸಿಡಿಲಿನಂತಲ್ಲ, ನೆಲದೊಳಗಿನಿಂದ ಬಂದ ಒಂದು ಭಾರದ ಸದ್ದು. ಅಂಚಿಗೆ ಓಡಿದೆವು. ಬರೆಯ ಅರ್ಧ ಇಳಿದುಬಂದು ಲೀಲಕ್ಕನ ದನದ ಹಟ್ಟಿ, ಅಡುಗೆಕೋಣೆ, ಚಾವಡಿಯ ಮೂಲೆ, ಎಲ್ಲದರ ಮೇಲೆ ಕೆಂಪಗೆ ಕೂತಿತ್ತು. ವಾಲಿದ ತೆಂಗಿನ ಮರ ನಿಂತ ಹಾಗೆಯೇ ಕೆಳಗಿಳಿದಿತ್ತು. ಬುಡದಲ್ಲಿ ಒಬ್ಬ ಮನುಷ್ಯ ಇರಲಿಲ್ಲ, ಒಂದು ಕರು ಇರಲಿಲ್ಲ. ನಾನು ಐತಪ್ಪಣ್ಣನ ತೋಳು ಗಟ್ಟಿಯಾಗಿ ಹಿಡಿದಿದ್ದೆ. ಅಷ್ಟು ಸಂತೋಷ ನನಗೆ ಬದುಕಿನಲ್ಲಿ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಕಮಲಕ್ಕ ಲೀಲಕ್ಕನ ಕೈ ಹಿಡಿದುಕೊಂಡು ಗೊಳೋ ಎಂದು ಅಳತೊಡಗಿದರು. ಲೀಲಕ್ಕ ಕೆಳಗೆ ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು:

"ಅಳ್ಬೇಡ ಮಾರಾಯ್ತಿ. ನೋಡು, ಬೇಲಿಯೂ ಹೋಗಿದೆ. ಇನ್ನು ಎಂತ ದಾಟಿ ಬರ್ಲಿಕ್ಕುಂಟು ನಿನಗೆ?"

ಕಮಲಕ್ಕನ ಅಳು ನಡುವಿನಲ್ಲೇ ನಗುವಾಯಿತು. ಲೀಲಕ್ಕನೂ ನಕ್ಕರು. ಆ ನಗು ಹಿಂದಿನ ಕಂಬದ ಹಾರ್ನಿನಿಂದ ಹೊರಟು ಗುಡ್ಡ ಇಳಿದು, ಬಯಲು ದಾಟಿ, ಆಚೆಯ ಗುಡ್ಡಕ್ಕೆ ಬಡಿದು ಮರಳಿ ಬಂತು. ಮೈಕು ಕಮಲಕ್ಕನ ಕೈಯಲ್ಲೇ ಇತ್ತು.

"ಟೀಚರ್, ಮೈಕ್ ಆಫ್ ಮಾಡ್ಲಿಲ್ಲ" ಎಂದರು ಐತಪ್ಪಣ್ಣ.

"ಇರ್ಲಿ ಬಿಡಿ" ಎಂದೆ.